ಅಂಗನವಾಡಿ ಅಕ್ಕೋರ ಕೆಲಸ: ನಂಬಿಕೆ ಒಂದು, ಸತ್ಯ ಇನ್ನೊಂದು

ಸೇಡಂ ತಾಲ್ಲೂಕಿನ ಆಡಕಿ ಇರಲಿ, ಚಿಂಚೋಳಿಯ ತಾಂಡಾ ಇರಲಿ, ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಓಣಿ ಇರಲಿ, ದುಡಿಯುವವರ ಮನೆಯ ಮೂರು ವರ್ಷದ ಮಗುವಿಗೆ ಮೊದಲ ಶಾಲೆ ಅಂಗನವಾಡಿಯೇ. ಅಲ್ಲಿನ ಕಾರ್ಯಕರ್ತೆಯೇ ಮೊದಲ ಅಕ್ಕೋರು. ಆದರೆ ಆಕೆಯನ್ನು ಶಿಕ್ಷಕಿ ಎನ್ನಲು ಊರೂ ಹಿಂಜರಿಯುತ್ತದೆ, ಸರ್ಕಾರದ ಕಡತವೂ ಹಿಂಜರಿಯುತ್ತದೆ. ಈ ವೃತ್ತಿಯ ಪರ ಮಾತಾಡುವವರು ಮೊದಲು ಎದುರಿಸಬೇಕಾದದ್ದು ಕೆಳಗಿನ ನಾಲ್ಕು ನಂಬಿಕೆಗಳನ್ನು.

ತಪ್ಪು ಕಲ್ಪನೆ 1: "ಅಲ್ಲೇನ್ ಕಲಸ್ತಾರ್ರೀ, ಉಂಡು ಮಲಗಿ ಬರ್ತಾವ."

ಸತ್ಯ: ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅದರ ಆರು ಸೇವೆಗಳಲ್ಲಿ ಪೂರಕ ಆಹಾರ ಒಂದು. ಶಾಲಾಪೂರ್ವ ಶಿಕ್ಷಣವೂ ಒಂದು.

ತೊಗರಿ, ಜೋಳ, ಕಡಲೆ ಬೆರೆಸಿ ತಟ್ಟೆಯಲ್ಲಿಟ್ಟು ನಾಲ್ಕು ವರ್ಷದ ಮಕ್ಕಳಿಂದ ಬೇರೆ ಮಾಡಿಸುವ ಆಟವನ್ನೇ ನೋಡಿ. ಕಾಳು ಹೆಕ್ಕುವ ಬೆರಳಿಗೆ ಮುಂದೆ ಬಳಪ ಹಿಡಿಯುವ ಹದ ಬರುತ್ತದೆ. ಬಣ್ಣ, ಗಾತ್ರ ನೋಡಿ ಗುಂಪು ಮಾಡುವುದು ಗಣಿತದ ಮೊದಲ ಪಾಠ. "ಯಾವ ಗುಂಪು ದೊಡ್ಡದೈತಿ? ಹೆಂಗ್ ಗೊತ್ತಾತು?" ಎಂದು ಅಕ್ಕೋರು ಕೇಳಿದಾಗ ಮಗು ಯೋಚಿಸಿ ಮಾತು ಜೋಡಿಸುತ್ತದೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂತಿರುವ ಈ ಗಡಿಭಾಗದಲ್ಲಿ, ಅವರ ಮನೆಮಾತನ್ನು ಕಡೆಗಣಿಸದೆ ಕನ್ನಡಕ್ಕೆ ಕರೆತರುವ ಹೊಣೆಯೂ ಆಕೆಯದೇ.

ತಪ್ಪು ಕಲ್ಪನೆ 2: ಮಕ್ಕಳನ್ನು ಆಡಿಸುವುದಕ್ಕೆ ತರಬೇತಿ ಯಾಕೆ?

ಸತ್ಯ: ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪೆರ್ರಿ ಅಧ್ಯಯನ ಬಡ ಕುಟುಂಬಗಳ 123 ಮಕ್ಕಳನ್ನು ದಶಕಗಳ ಕಾಲ ಗಮನಿಸಿತು. ಶಾಲಾಪೂರ್ವ ಶಿಕ್ಷಣ ಪಡೆದವರು ದೊಡ್ಡವರಾದ ಮೇಲೆ, ಪಡೆಯದವರಿಗಿಂತ ಹೆಚ್ಚು ಗಳಿಸುತ್ತಿದ್ದರು. ಅಲ್ಲಿ ಕಲಿಸಿದವರು ತರಬೇತಿ ಪಡೆದ ಶಿಕ್ಷಕರು. ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗುತ್ತಿದ್ದರು.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕೆನ್ನುತ್ತದೆ.

ತಪ್ಪು ಕಲ್ಪನೆ 3: ಗೌರವಧನದ ಸೇವೆಯಿದು, ಹಕ್ಕು ಕೇಳುವಂತಿಲ್ಲ.

ಸತ್ಯ: ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತ್ತು. ಬಹಳ ಜನ ಅಲ್ಲಿಗೇ ಕಥೆ ಮುಗಿಯಿತೆಂದುಕೊಂಡರು. ಆದರೆ 2022ರ ಏಪ್ರಿಲ್ 25ರಂದು, ಗುಜರಾತಿನ ಮಣಿಬೆನ್ ಭಾರಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಇದು ಅರೆಕಾಲಿಕ ಕೆಲಸ ಎಂಬ ವಾದವನ್ನು ಒಪ್ಪಲಿಲ್ಲ. ಗೌರವಧನವನ್ನೂ ವೇತನವೆಂದೇ ಪರಿಗಣಿಸಿತು.

ತಪ್ಪು ಕಲ್ಪನೆ 4: ಹೋರಾಟ ಬೆಂಗಳೂರಿನದು, ಊರಿನವರು ಮಾಡುವುದೇನಿಲ್ಲ.

ಸತ್ಯ: 2024ರಲ್ಲಿ ಕಲ್ಯಾಣ ಕರ್ನಾಟಕದ 1,008 ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನವಾದಾಗ ಕಾರ್ಯಕರ್ತೆಯರು ರಾಜಧಾನಿಯಲ್ಲಿ ಧರಣಿ ಕೂತರು. ಆ ತರಗತಿಗಳನ್ನು ಅಂಗನವಾಡಿಯಲ್ಲೇ ನಡೆಸಿ ಎಂಬುದು ಅವರ ಬೇಡಿಕೆ. ಅಂಥ ಧರಣಿಗೆ ಬಲ ಬರುವುದು ಊರಿನಿಂದ. ಮಗು ಏನು ಕಲಿಯಿತೆಂದು ಕಣ್ಣಾರೆ ಕಂಡ ತಾಯಿ ಗ್ರಾಮಸಭೆಯಲ್ಲಿ ಎದ್ದು ಹೇಳುವ ಮಾತಿಗೆ ತೂಕವೇ ಬೇರೆ.

ಬಾಲವಿಕಾಸ ಸಮಿತಿ ಪ್ರತಿ ಅಂಗನವಾಡಿಗೂ ಇದೆ. ಅದರ ಸಭೆಯಲ್ಲಿ ಮಕ್ಕಳ ಕಲಿಕೆಯ ಚರ್ಚೆ ನಡೆದು, ಬೇಡಿಕೆಗಳು ಠರಾವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿ ಮುಟ್ಟಬೇಕು. ಯಾಕೆಂದರೆ ಸಂವಿಧಾನದ 21ಎ ವಿಧಿ ಕೊಡುವ ಶಿಕ್ಷಣದ ಹಕ್ಕು ಶುರುವಾಗುವುದೇ ಆರನೇ ವರ್ಷಕ್ಕೆ. ಅದಕ್ಕಿಂತ ಚಿಕ್ಕವರ ಪಾಲಿಗಿರುವುದು 45ನೇ ವಿಧಿಯ ನಿರ್ದೇಶನ. ಅದನ್ನು ಹಿಡಿದು ಕೋರ್ಟಿನ ಮೂಲಕ ನೇರವಾಗಿ ಜಾರಿ ಮಾಡಿಸಲಾಗದು.

ಮುಂದಿನ ಗ್ರಾಮಸಭೆಗೆ ಹೋಗುವವರು ರಸ್ತೆ, ನೀರಿನ ಜೊತೆ ಅಂಗನವಾಡಿಯ ಪಾಠದ ಮಾತನ್ನೂ ಎತ್ತಲಿ. ಅಕ್ಕೋರಿಗೆ ಸಿಗಬೇಕಾದ ತರಬೇತಿ, ಸಂಬಳ ಎರಡನ್ನೂ ಕೇಳಿ ನಡಾವಳಿಯಲ್ಲಿ ಬರೆಸಲಿ.