ನಡುಗೋಡೆ ಇಲ್ಲದ ಮನೆ

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ಎರಡನೆಯದರಲ್ಲಿ ಸಂಸಾರದ ಆಸ್ತಿ, ಎಂದರೆ ಮಕ್ಕಳ ಭಾವಚಿತ್ರಗಳು, ನನ್ನ ಪಾಠದ ಟಿಪ್ಪಣಿಗಳು ಮತ್ತು ನಮ್ಮ ತಾಯಿಯವರು ಹಾಡಿದ 40 ಸೋಬಾನೆ ಪದಗಳು. ಮೊದಲನೆಯದರಲ್ಲಿ ಬೇಕಾದಷ್ಟು ಬರಿದು ಜಾಗ; ಎರಡನೆಯದರಲ್ಲಿ ಕಾಲಿಡಲು ಎಡೆಯಿಲ್ಲ. ಒಂದು ಭಾನುವಾರ ಮಧ್ಯಾಹ್ನ, ನಡುವಿನ ಗೋಡೆಯನ್ನು ತುಸು ಆಚೆಗೆ ಸರಿಸಿಬಿಡೋಣವೆಂದು ಹೊರಟೆ.

“ಎಲ್ಲದಕ್ಕೂ ಒಂದೊಂದು ಪ್ರತಿ ತೆಗೆದಿಟ್ಟಿದ್ದೀರಷ್ಟೆ?” ಎಂದು ನನ್ನ ಮಡದಿ ಅಡುಗೆಮನೆಯಿಂದಲೇ ಕೇಳಿದಳು.

“ಒಂದು ಗಂಟೆಯ ಕೆಲಸಕ್ಕೆ ಅದೆಲ್ಲ ಏಕೆ?” ಎಂದೆ.

ಕೆಲಸ ಅರ್ಧಕ್ಕೆ ಬಂದಿದ್ದಾಗ ವಿದ್ಯುತ್ತು ಹೋಯಿತು. ಮತ್ತೆ ಬಂದಾಗ ಎರಡನೆಯ ವಿಭಾಗವು ಯಾರ ಕಣ್ಣಿಗೂ ಬೀಳದಂತಾಗಿತ್ತು. ಬಲ್ಲವರ ಪ್ರಯತ್ನವೂ ವ್ಯರ್ಥವಾಯಿತು. ತಾಯಿಯವರು ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಸೋದರತ್ತೆಯ ಮಗಳು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದ 11 ಪದಗಳಷ್ಟೇ ಇಂದು ನಮ್ಮ ಪಾಲಿಗಿವೆ. ತಪ್ಪು ಯಂತ್ರದ್ದಲ್ಲ, ನನ್ನದು. ಗೋಡೆಯೆಂದರೇನು, ಅದನ್ನು ಸರಿಸುವುದೆಂದರೇನು ಎಂಬುದನ್ನು ಅರಿಯದೆ ನಾನು ಹಾರೆ ಹಿಡಿದಿದ್ದೆ.

ಹಿಸ್ಸೆಯ ಗೋಡೆ

ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಗೋಡೆಯೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಡಿಸ್ಕಿನ ವಿಭಾಗವೂ ಅಂಥದೇ. ಇಲ್ಲಿಂದ ಇಲ್ಲಿಯವರೆಗೆ ಒಬ್ಬನದು, ಅಲ್ಲಿಂದಾಚೆ ಇನ್ನೊಬ್ಬನದು ಎಂದು ಡಿಸ್ಕಿನ ಮೊದಲಲ್ಲೇ ಒಂದು ಪಟ್ಟಿ ಬರೆದಿರುತ್ತದೆ. ಈ ಪಾಲು ಅಖಂಡವಾಗಿರಬೇಕು. ಅಂಗಳದಲ್ಲಿ ನಾಲ್ಕು ಗಜ, ಹಿತ್ತಿಲಲ್ಲಿ ನಾಲ್ಕು ಗಜ ಎಂದು ಹಂಚಲಾಗದು. ಆದುದರಿಂದ ಎರಡನೆಯ ಪಾಲನ್ನು ಮುಂದಣ ದಿಕ್ಕಿಗೆ ಹಿಗ್ಗಿಸಬೇಕಾದರೆ, ಅದರೊಳಗಿನ ಸಾಮಾನನ್ನೆಲ್ಲ ಹೊತ್ತು ಬೇರೆಡೆ ಇಟ್ಟು, ಯಾವುದು ಎಲ್ಲಿದೆಯೆಂಬ ಲೆಕ್ಕವನ್ನೂ ಹೊಸದಾಗಿ ಬರೆಯಬೇಕು. ನಡುವೆ ಕೆಲಸ ನಿಂತಿತೋ, ಸಾಮಾನು ಒಂದೆಡೆ, ಲೆಕ್ಕ ಇನ್ನೊಂದೆಡೆ!

ಈ ಲೆಕ್ಕಕ್ಕೆ ಫೈಲ್ ಸಿಸ್ಟಂ ಎಂದು ಹೆಸರು. ಹಳ್ಳಿಯ ಶಾನುಭೋಗರ ದಫ್ತರವನ್ನು ನೆನೆಯಿರಿ. ಹೊಲಗಳು ಇದ್ದಲ್ಲೇ ಇದ್ದರೂ ದಫ್ತರ ಸುಟ್ಟರೆ ಯಾವುದು ಯಾರದೆಂದು ಹೇಳುವವರಿಲ್ಲ. ನಮ್ಮ ತಾಯಿಯವರ ದನಿಗೂ ಆದದ್ದು ಇದೇ.

ದಫ್ತರ ಬದಲಾದ ವರ್ಷ

ಆ ಬಳಿಕ ನಾನು ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರವೊಂದನ್ನು ಕೊಂಡೆ. ಅದರ ಡಿಸ್ಕಿನ ಚಿತ್ರವನ್ನು ತೆರೆದು ನೋಡಿದವನಿಗೆ ಅಚ್ಚರಿ ಕಾದಿತ್ತು. ಅಲ್ಲಿ ಪಾಲುಗಳಿದ್ದವು, ನಡುಗೋಡೆ ಇರಲಿಲ್ಲ.

ಮ್ಯಾಕ್ ಯಂತ್ರಗಳು 1998ರಿಂದ ‘ಎಚ್‌ಎಫ್‌ಎಸ್ ಪ್ಲಸ್’ ಎಂಬ ದಫ್ತರವನ್ನು ನೆಚ್ಚಿದ್ದವು. ಅದು ತಿರುಗುವ ಡಿಸ್ಕುಗಳ ಕಾಲದ್ದು. ಒಂದು ಸೆಕೆಂಡಿಗಿಂತ ಸೂಕ್ಷ್ಮವಾದ ಕಾಲವನ್ನು ಅದು ಗುರುತಿಸಲಾರದು. 1904ರ ಆರಂಭದಿಂದ ಸೆಕೆಂಡುಗಳನ್ನೆಣಿಸುವ ಅದರ ಪಂಚಾಂಗವು 2040ರ ಫೆಬ್ರವರಿಯಲ್ಲಿ ಮುಗಿದುಹೋಗುತ್ತದೆ. ಇದರ ಬದಲಿಗೆ ‘ಎಪಿಎಫ್‌ಎಸ್’ ಎಂಬ ಹೊಸ ದಫ್ತರವನ್ನು ಸಂಸ್ಥೆಯು 2016ರ ಜೂನ್‌ನಲ್ಲಿ ಪ್ರಕಟಿಸಿತು. 2017ರ ಮಾರ್ಚ್‌ನಲ್ಲಿ ಐಒಎಸ್ 10.3ರ ಮೂಲಕ ಅದು ಐಫೋನುಗಳನ್ನು ಹೊಕ್ಕಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಹೈ ಸಿಯೆರಾ’ ಎಂಬ ಆಪರೇಟಿಂಗ್ ಸಿಸ್ಟಂನೊಡನೆ ಮ್ಯಾಕ್‌ಗಳನ್ನು ಸೇರಿತು.

ಜನರ ಕೈಯಲ್ಲಿದ್ದ ಫೋನುಗಳ ದಫ್ತರವನ್ನು, ಅವರ ಒಂದು ಚಿತ್ರವೂ ಕಳೆಯದಂತೆ, ಬದಲಿಸಿದ ಬಗೆ ಮೆಚ್ಚತಕ್ಕದ್ದು. ಸಾಮಾನುಗಳನ್ನು ಕದಲಿಸಲೇ ಇಲ್ಲ. ಬರಿದಾಗಿದ್ದ ಜಾಗದಲ್ಲಿ ಹೊಸ ದಫ್ತರವನ್ನು ಪೂರ್ತಿಯಾಗಿ ಬರೆದು, ಅದು ಮುಗಿದ ಮೇಲೆಯೇ ಹಳೆಯದನ್ನು ಬಿಟ್ಟುಕೊಟ್ಟರು. ಮಧ್ಯೆ ವಿದ್ಯುತ್ತು ಹೋದರೂ ಹಳೆಯ ಲೆಕ್ಕ ಅಕ್ಷತ. ಇದನ್ನು ಓದಿದ ದಿನ ನನಗೆ ಆ ಭಾನುವಾರ ನೆನಪಾಗದಿರಲಿಲ್ಲ.

ಒಂದೇ ಕಣಜ, ಹಲವು ಒಲೆ

ಹೊಸ ವ್ಯವಸ್ಥೆಯಲ್ಲಿ ಡಿಸ್ಕಿನ ಮೇಲೆ ಮೊದಲು ‘ಕಂಟೇನರ್’ ಎಂಬ ದೊಡ್ಡ ಆವರಣವೊಂದು ಏಳುತ್ತದೆ. ಅದರೊಳಗೆ ‘ವಾಲ್ಯೂಮ್’ ಎಂಬ ಪಾಲುಗಳು. ಅಣ್ಣನಿಗೂ ತಮ್ಮನಿಗೂ ಒಲೆ ಬೇರೆ, ಕಣಜ ಮಾತ್ರ ಒಂದೇ. ಯಾರಿಗೆ ಬೇಕಾದಾಗ ಎಷ್ಟು ಬೇಕೋ ಅಷ್ಟನ್ನು ಅಳೆದುಕೊಳ್ಳಬಹುದು. ಯಾರೂ ಮಿತಿಮೀರಬಾರದೆಂದರೆ ಒಂದು ಪಾಲಿಗೆ ಗರಿಷ್ಠ ಮಿತಿಯನ್ನು ವಿಧಿಸಬಹುದು. ಯಾರಿಗೂ ಕೊರತೆಯಾಗಬಾರದೆಂದರೆ ಇಷ್ಟನ್ನು ಅವನಿಗೆಂದೇ ಮೀಸಲಿಡಬಹುದು. ಗೋಡೆಯನ್ನು ಸರಿಸುವ ಮಾತೇ ಇಲ್ಲ. 2019ರಲ್ಲಿ ಬಂದ ‘ಕ್ಯಾಟಲಿನಾ’ ಆವೃತ್ತಿಯು ಯಂತ್ರದ ಕಡತಗಳನ್ನು ಓದಲಷ್ಟೇ ಬರುವ ಒಂದು ಪಾಲಿನಲ್ಲಿಟ್ಟು, ನಮ್ಮ ಕಡತಗಳಿಗೆ ಬೇರೊಂದು ಪಾಲನ್ನು ಕೊಟ್ಟಿತು. ಹೀಗೆ ಸಲೀಸಾಗಿ ಬೇರ್ಪಡಿಸಲು ಸಾಧ್ಯವಾದದ್ದು ಕಣಜ ಒಂದೇ ಆಗಿದ್ದರಿಂದ.

ಇಲ್ಲಿ ಗೃಹಸ್ಥರು ಮೋಸಹೋಗಬಹುದಾದ ಒಂದು ಲೆಕ್ಕವಿದೆ. 500 ಗಿಗಾಬೈಟ್‌ಗಳ ಕಣಜದಲ್ಲಿ ಒಂದು ಪಾಲು 100ನ್ನೂ ಇನ್ನೊಂದು 50ನ್ನೂ ಬಳಸಿದೆಯೆನ್ನಿ. ಎರಡೂ ತಮ್ಮಲ್ಲಿ 350 ಉಳಿದಿದೆಯೆಂದೇ ಸಾರುತ್ತವೆ. ಕೂಡಿಸಿ 700 ಎಂದು ಹಿಗ್ಗಬಾರದು. ಇಬ್ಬರೂ ತೋರಿಸುತ್ತಿರುವುದು ಒಂದೇ ರಾಶಿಯನ್ನು.

ಇನ್ನೊಂದು ಸೋಜಿಗ. ಅದೇ ಪಾಲಿನೊಳಗೆ ದೊಡ್ಡ ಚಲನಚಿತ್ರವೊಂದರ ನಕಲು ಮಾಡಿದರೆ ಕ್ಷಣದಲ್ಲಿ ಆಗಿಬಿಡುತ್ತದೆ, ಜಾಗವನ್ನೂ ತಿನ್ನುವುದಿಲ್ಲ. ಏಕೆಂದರೆ ದಫ್ತರದಲ್ಲಿ ಅದೇ ಹೊಲಕ್ಕೆ ಎರಡನೆಯ ಹೆಸರು ಬರೆದದ್ದಷ್ಟೇ; ಮುಂದೆ ತಿದ್ದಿದ ಭಾಗವನ್ನು ಮಾತ್ರ ಬೇರೆಡೆ ಬರೆಯುತ್ತದೆ. ಹಾಗೆಯೇ, ಡಿಸ್ಕು ಒಂದು ಗಳಿಗೆಯಲ್ಲಿ ಹೇಗಿತ್ತೋ ಹಾಗೆ ನೆನಪಿಟ್ಟುಕೊಳ್ಳುವ ‘ಸ್ನ್ಯಾಪ್‌ಶಾಟ್’ಗಳೂ ಉಂಟು. ಕಡತಗಳನ್ನು ಅಳಿಸಿದರೂ ಜಾಗ ಬಿಡುವಾಗಲಿಲ್ಲವೆಂದು ಗೊಣಗುವವರು ಇವೆರಡನ್ನು ನೆನೆಯಬೇಕು; ಹಳೆಯ ನೆನಪು ಹಿಡಿದಿಟ್ಟಿರುವ ತನಕ ಆ ಜಾಗ ಖಾಲಿಯಾಗದು.

ಗೋಡೆ ಹೋದರೂ ಬೆಂಕಿ ಹೋಗದು

ಇಷ್ಟಾದರೂ ಎಚ್ಚರ ತಪ್ಪಬಾರದು. ಹೊಸ ದಫ್ತರವು ತನ್ನ ಲೆಕ್ಕ ಕೆಟ್ಟಿದೆಯೇ ಎಂದು ತಾಳೆ ನೋಡಿಕೊಳ್ಳುತ್ತದೆ. ಆದರೆ ನಮ್ಮ ಚಿತ್ರ, ನಮ್ಮ ಹಾಡುಗಳ ಒಳಗನ್ನು ಹಾಗೆ ತಾಳೆ ನೋಡುವುದಿಲ್ಲ. ಖಾತೆ ಸರಿಯಿದ್ದು ಕಾಳು ಮುಗ್ಗುಹಿಡಿದರೆ ಅದಕ್ಕೆ ತಿಳಿಯದು. ಕ್ಷಣದಲ್ಲಾಗುವ ನಕಲೂ ಸ್ನ್ಯಾಪ್‌ಶಾಟೂ ಅದೇ ಡಿಸ್ಕಿನಲ್ಲಿರುವುದರಿಂದ, ಡಿಸ್ಕು ಹಾಳಾದರೆ ಅವೂ ಹಾಳು. ಅಕ್ಕಿಯ ಡಬ್ಬಿಯ ಕೀಲಿಯನ್ನು ಅದೇ ಡಬ್ಬಿಯೊಳಗಿಟ್ಟಂತೆ! ಬೇರೊಂದು ಆಪರೇಟಿಂಗ್ ಸಿಸ್ಟಂ ಅನ್ನು ಅದೇ ಡಿಸ್ಕಿನಲ್ಲಿ ನೆಲೆಗೊಳಿಸಬೇಕಾದವರು ಇಂದಿಗೂ ಕಂಟೇನರನ್ನೇ ಕುಗ್ಗಿಸಬೇಕಾದೀತು; ಆಗ ಹಳೆಯ ಸ್ನ್ಯಾಪ್‌ಶಾಟುಗಳು ಅಡ್ಡಬರುವುದುಂಟು, ಗೋಡೆಯ ಅಪಾಯವೂ ಮರಳಿ ಬರುವುದುಂಟು. ಆದ್ದರಿಂದ ಯಾವ ಯಂತ್ರವೇ ಆಗಲಿ, ಕೈಹಾಕುವ ಮೊದಲು ಬೇರೊಂದು ಡಿಸ್ಕಿನಲ್ಲಿ ಪೂರ್ತಿ ಪ್ರತಿಯಿರಲಿ, ಆ ಪ್ರತಿಯನ್ನು ಒಮ್ಮೆ ತೆರೆದು ನೋಡಿರಲಿ, ಬ್ಯಾಟರಿ ತುಂಬಿರಲಿ.

ಕಳೆದ ಭಾನುವಾರ ಹೊಸ ಯಂತ್ರದಲ್ಲಿ ತಾಯಿಯವರ ಹಾಡುಗಳಿಗೆಂದೇ ಒಂದು ಪಾಲನ್ನು ತೆರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. “ಪ್ರತಿ?” ಎಂದಳು ಮಡದಿ, ಈ ಸಲ ಎದುರಿಗೇ ನಿಂತು. ಬೀರುವಿನಲ್ಲಿದ್ದ ಡಿಸ್ಕನ್ನು ತೋರಿಸಿದೆ. ಅತ್ತೆಯ ಮಗಳ ಮನೆಯಲ್ಲಿರಿಸಿದ ಇನ್ನೊಂದರ ಸುದ್ದಿಯನ್ನೂ ಹೇಳಿದೆ. ಹನ್ನೊಂದು ಪದಗಳು ಈಗ ಮೂರು ಕಡೆ ಇವೆ. ಉಳಿದ ಇಪ್ಪತ್ತೊಂಬತ್ತರಲ್ಲಿ ಕೆಲವನ್ನು ತಾನು ಬಲ್ಲೆನೆಂದು ಸೋದರತ್ತೆ ಹೇಳಿಕಳುಹಿಸಿದ್ದಾರೆ. ಅವರಿಗೀಗ ಎಂಬತ್ತೊಂದು. ಮುಂದಿನ ವಾರವೇ ಹೊರಡಬೇಕೆಂದಿದ್ದೇವೆ.