ಕುದುರೆಯ ಕೊರಳ ಬಾವು: ದೋಷ ಸೂಜಿಯದೆ?

ಮೈಸೂರಿನವರಿಗೆ ಕುದುರೆ ಹೊಸತಲ್ಲ. ರೇಸ್ ಕ್ಲಬ್ ೧೮೯೧ರಷ್ಟು ಹಳೆಯದು. ವಿಜಯದಶಮಿಯ ಮೆರವಣಿಗೆಗೆ ಪೋಲೀಸರ ಅಶ್ವದಳವಿಲ್ಲದೆ ಕಳೆಯಿಲ್ಲ. ಅರಮನೆಯ ಸುತ್ತ ಪ್ರವಾಸಿಗರಿಗಾಗಿ ಕಾದು ನಿಲ್ಲುವ ಟಾಂಗಾಗಳಂತೂ ಸರಿಯೆ. ಪಂದ್ಯದ ಕುದುರೆಗೆ ಕಾಯಿಲೆಯಾದರೆ ವೈದ್ಯರು ಲಾಯಕ್ಕೇ ಬಂದಾರು. ಟಾಂಗಾದ ಕುದುರೆ ಒಂದು ತಿಂಗಳು ಕಟ್ಟಿದಲ್ಲೇ ನಿಂತರೆ ಒಂದು ಸಂಸಾರದ ಒಲೆಯೇ ತಣ್ಣಗಾಗುತ್ತದೆ.

ಹಾಗೆ ಕಟ್ಟಿಹಾಕಬಲ್ಲ ರೋಗಗಳಲ್ಲಿ ‘ಸ್ಟ್ರ್ಯಾಂಗಲ್ಸ್’ ಒಂದು. ಉಸಿರುಗಟ್ಟಿಸುವುದೆಂದೇ ಹೆಸರಿನ ಅರ್ಥ. ಮೊದಲು ಜ್ವರ, ಮೇವಿನಲ್ಲಿ ಅನಾದರ. ಬಳಿಕ ಮೂಗಿನಲ್ಲಿ ಕೀವು, ದವಡೆಯ ಕೆಳಗೆ ಗಡ್ಡೆ. ಗಡ್ಡೆ ಹಣ್ಣಾಗಿ ಒಡೆದರೆ ಕುದುರೆಗೆ ನೆಮ್ಮದಿ. ಬಹುಪಾಲು ಕುದುರೆಗಳು ಬದುಕಿಕೊಳ್ಳುತ್ತವೆ. ಮನುಷ್ಯರಿಗೆ ಇದು ಅಂಟುವುದು ಅತಿ ವಿರಳ. ಕಾರಣವಾದ ರೋಗಾಣು ಸ್ಟ್ರೆಪ್ಟೊಕಾಕಸ್ ಈಕ್ವಿ. ೧೮೮೮ರಲ್ಲಿಯೇ ಅದನ್ನು ಗುರುತಿಸಿದ್ದರು.

ಈ ರೋಗಕ್ಕೆ ಲಸಿಕೆಗಳುಂಟು. ಲಸಿಕೆಯೇ ರೋಗ ತಂದಿತೆಂಬ ದೂರೂ ಉಂಟು! ಕುದುರೆ ಸಾಕುವವರ ಈ ಶಂಕೆಯನ್ನು ಮೂಢತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಮೆರಿಕದಲ್ಲಿ ಮೂಗಿಗೆ ಹಾಕುವ ಲಸಿಕೆಯಲ್ಲಿಯೂ ೨೦೦೪ರಲ್ಲಿ ಯುರೋಪಿನಲ್ಲಿ ಬಂದ, ಮೇಲ್ದುಟಿಯ ಒಳಮಗ್ಗುಲಿಗೆ ಚುಚ್ಚುವ ಲಸಿಕೆಯಲ್ಲಿಯೂ ಇದ್ದುದು ಬಲ ಕುಂದಿಸಿದ ಸಜೀವ ರೋಗಾಣುವೇ. ಒಮ್ಮೊಮ್ಮೆ ಅದರಿಂದಲೇ ಬಾವು ಎದ್ದದ್ದುಂಟು. ಮೂಗಿನ ಲಸಿಕೆ ಹಾಕಿದ ಕೈಯಿಂದಲೇ ಬೇರೊಂದು ಚುಚ್ಚುಮದ್ದು ಕೊಟ್ಟರೆ ಚುಚ್ಚಿದ ಜಾಗ ಕೀವುಗಟ್ಟಬಹುದು. ಆದಕಾರಣ ಅದನ್ನು ಎಲ್ಲಕ್ಕೂ ಕೊನೆಯಲ್ಲಿ ಹಾಕಬೇಕೆಂಬ ಎಚ್ಚರಿಕೆಯಿದೆ. ಯುರೋಪಿನಲ್ಲಿ ೨೦೨೧ರಲ್ಲಿ ಒಪ್ಪಿಗೆ ಪಡೆದ ಹೊಸ ಲಸಿಕೆಯ ಮಾತು ಬೇರೆ. ಅದರಲ್ಲಿರುವುದು ರೋಗಾಣುವಿನ ಕೆಲವು ಪ್ರೋಟೀನುಗಳು ಮಾತ್ರ. ಜ್ವರ, ಚುಚ್ಚಿದಲ್ಲಿ ಊತ ಬಂದಾವು, ಸ್ಟ್ರ್ಯಾಂಗಲ್ಸ್ ಬರಲಾರದು.

ಇನ್ನೊಂದು ಅಪಾಯ ವಿರಳವಾದರೂ ದೊಡ್ಡದು. ಹಿಂದಿನ ವರುಷವಷ್ಟೇ ಈ ರೋಗದಿಂದೆದ್ದ ಕುದುರೆಯ ರಕ್ತದಲ್ಲಿ ಪ್ರತಿರೋಧಶಕ್ತಿ ತುಂಬಿಕೊಂಡಿರುತ್ತದೆ. ಅದಕ್ಕೆ ಮತ್ತೆ ಲಸಿಕೆ ಬಿದ್ದರೆ ಆ ಶಕ್ತಿಯೇ ರಕ್ತನಾಳಗಳ ಮೇಲೆ ತಿರುಗಿಬಿದ್ದು, ಕಾಲು, ಮುಖ ಊದಿ, ಒಸಡಿನಲ್ಲಿ ರಕ್ತದ ಚುಕ್ಕೆಗಳೇಳಬಹುದು, ಪ್ರಾಣಕ್ಕೂ ಸಂಚಕಾರ. ಹಿಂದೆ ಕಾಯಿಲೆಯಾಗಿತ್ತೆ ಎಂದು ವೈದ್ಯರು ಕೇಳಿದಾಗ ಮುಚ್ಚಿಡುವುದು ತರವಲ್ಲ.

ಆದರೆ ಸೂಜಿಯ ಮೇಲೆ ಹೊರಿಸುವ ಎಲ್ಲ ತಪ್ಪೂ ಸೂಜಿಯದಲ್ಲ. ಸೋಂಕು ತಗಲಿ ಲಕ್ಷಣ ಕಾಣಿಸಲು ೩ರಿಂದ ೧೪ ದಿನ ಹಿಡಿಯುತ್ತದೆ. ಪಕ್ಕದ ಲಾಯದಲ್ಲಿ ರೋಗ ಬಂದೊಡನೆ ಗಾಬರಿಯಿಂದ ಲಸಿಕೆ ಹಾಕಿಸಿದರೆ, ಆ ವೇಳೆಗೆ ರೋಗಾಣು ಒಳಹೊಕ್ಕಿದ್ದೀತು. ನಾಲ್ಕು ದಿನ ಕಳೆದು ಗಡ್ಡೆ ಎದ್ದಾಗ ಕಣ್ಣಿಗೆ ಕಂಡದ್ದು ಸೂಜಿ. ಕಾಣದೆ ಹೋದದ್ದು ಎರಡು ಕುದುರೆಗಳೂ ಮೂತಿಯಿಟ್ಟ ನೀರಿನ ತೊಟ್ಟಿ.

ಇಲ್ಲಿ ಥರ್ಮಾಮೀಟರು ದೊಡ್ಡ ನೆಂಟ. ಜ್ವರ ಬಂದ ಎರಡು ಮೂರು ದಿನಗಳ ಬಳಿಕವೇ ಮೂಗಿನಿಂದ ರೋಗಾಣು ಹೊರಬೀಳತೊಡಗುವುದು. ನಿತ್ಯವೂ ಜ್ವರ ನೋಡಿ, ೧೦೧.೫ ಡಿಗ್ರಿ ಮೀರಿದ ಕುದುರೆಯನ್ನು ಅಂದೇ ಬೇರೆ ಕಟ್ಟಿ, ಅದಕ್ಕೆ ಬೇರೆಯೇ ಬಕೆಟ್ಟು ಇಟ್ಟರೆ ಉಳಿದವು ಪಾರಾದಾವು. ಗುಣವಾದ ಮೇಲೂ ಅವಸರ ಬೇಡ. ಕುದುರೆಯ ಗಂಟಲಿನ ಹಿಂದೆ ಎರಡು ಗಾಳಿಚೀಲಗಳುಂಟು. ಹತ್ತರಲ್ಲಿ ಒಂದು ಕುದುರೆಯಲ್ಲಿ ರೋಗಾಣು ಅಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ, ಕುದುರೆ ಮಾತ್ರ ಮೈ ಮಿರುಗಿಸಿಕೊಂಡು ಓಡಾಡುತ್ತಿರುತ್ತದೆ. ವಾಸಿಯಾಗಿ ಮೂರು ವಾರಗಳಾದ ಮೇಲೆ ವೈದ್ಯರು ಆ ಚೀಲಗಳನ್ನು ತೊಳೆದು, ನೀರನ್ನು ಪರೀಕ್ಷಿಸಿ ಹೇಳುವವರೆಗೆ ಅದನ್ನು ಉಳಿದವುಗಳ ತೊಟ್ಟಿಗೆ ಬಿಡಬಾರದು.