ಒಂದೊಂದು ತಂತ್ರಾಂಶಕ್ಕೆ ಒಂದೊಂದು ಕಂಪೈಲರ್

ಪ್ರೋಗ್ರಾಮರ್ ಬರೆದ ಮೂಲಸಂಕೇತವನ್ನು ಗಣಕಕ್ಕೆ ಅರ್ಥವಾಗುವ ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಲಿನಕ್ಸ್ ಜಗತ್ತಿನಲ್ಲಿ ಈ ಹೊಣೆಯನ್ನು ಬಹುಕಾಲ ಹೊತ್ತದ್ದು ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿಸಿಸಿ. 2007ರಲ್ಲಿ ಕ್ಲಾಂಗ್‌ನ ಮೂಲಸಂಕೇತ ಮುಕ್ತವಾದ ಮೇಲೆ ಅದಕ್ಕೊಬ್ಬ ಸಮರ್ಥ ಪ್ರತಿಸ್ಪರ್ಧಿ ಹುಟ್ಟಿಕೊಂಡಿತು. ಹಾಗೆಂದು ಇಡೀ ವ್ಯವಸ್ಥೆಗೆ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಿಯಮವೇನಿಲ್ಲ.

ಈ ಜಾಣ್ಮೆ ಹಳೆಯದು. 2000ದಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 7ರಲ್ಲಿ ಜಿಸಿಸಿ 2.96 ಇತ್ತು. ಅದು ತಮ್ಮ ಅಧಿಕೃತ ಆವೃತ್ತಿಯೇ ಅಲ್ಲವೆಂದು ಜಿಸಿಸಿಯ ನಿರ್ವಾಹಕರು ಆಗಲೇ ಸ್ಪಷ್ಟಪಡಿಸಿದ್ದರು. ಕರ್ನಲ್‌ನ ಮಟ್ಟಿಗೆ ಅದನ್ನು ನೆಚ್ಚಲಾಗದೆ, ‘ಕೆಜಿಸಿಸಿ’ ಎಂಬ ಹೆಸರಿನಲ್ಲಿ ಹಳೆಯ ಕಂಪೈಲರ್ ಒಂದನ್ನೂ ಜೊತೆಗಿಡಲಾಗಿತ್ತು. ಕರ್ನಲ್‌ಗೆ ಒಂದು, ಉಳಿದೆಲ್ಲಕ್ಕೆ ಇನ್ನೊಂದು!

ಬಹುತೇಕ ತಂತ್ರಾಂಶಗಳನ್ನು ಬಳಕೆದಾರರ ಗಣಕದಲ್ಲೇ ಮೂಲಸಂಕೇತದಿಂದ ಸಿದ್ಧಪಡಿಸುವ ಜೆಂಟೂ ಲಿನಕ್ಸ್‌ನಲ್ಲಿ ಇದೇ ಆಯ್ಕೆ ವ್ಯವಸ್ಥಿತ ರೂಪ ಪಡೆದಿದೆ. ಅಲ್ಲಿನ ಪೋರ್ಟೇಜ್ ನಿರ್ವಾಹಕದಲ್ಲಿ, ಸಿ ಮತ್ತು ಸಿ++ ಭಾಷೆಗಳಿಗೆ ಯಾವ ಕಂಪೈಲರ್ ಬಳಸಬೇಕೆಂದು ಒಂದು ಪುಟ್ಟ ಕಡತದಲ್ಲಿ ಬರೆದಿಡಬೇಕು. ಅದು ಯಾವ ಪ್ಯಾಕೇಜಿಗೆ ಅನ್ವಯವೆಂದು ಇನ್ನೊಂದು ಕಡತದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಉಳಿದ ಪ್ಯಾಕೇಜುಗಳು ಎಂದಿನಂತೆ ಜಿಸಿಸಿಯಿಂದಲೇ ಸಿದ್ಧಗೊಳ್ಳುತ್ತವೆ. ಬರೆದಿಟ್ಟ ಆದೇಶ ಮುಂದಿನ ನವೀಕರಣದಲ್ಲೂ ತಾನಾಗಿ ಜಾರಿಗೆ ಬರುವುದರಿಂದ ಪ್ರತಿಸಲ ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ.

ಆದರೆ ಕಂಪೈಲರ್ ಬದಲಾವಣೆ ಸರ್ವರೋಗಕ್ಕೆ ಮದ್ದಲ್ಲ. 2024ರಲ್ಲಿ ಬಂದ ಜಿಸಿಸಿ 14, ಘೋಷಿಸದೆಯೇ ಕರೆದ ಫಂಕ್ಷನ್‌ಗಳನ್ನು ದೋಷವೆಂದು ತಿರಸ್ಕರಿಸತೊಡಗಿತು. ಅನೇಕ ಹಳೆಯ ಪ್ಯಾಕೇಜುಗಳು ಅಲ್ಲಿಯೇ ಮುಗ್ಗರಿಸಿದವು. ಅಂಥ ಪ್ಯಾಕೇಜಿಗೆ ಜಿಸಿಸಿ 13 ಅನ್ನು ಗೊತ್ತುಮಾಡಿದರೆ ಕೆಲಸವೇನೋ ಸಾಗುತ್ತದೆ. ತಪ್ಪು ಮಾತ್ರ ಒಳಗೇ ಉಳಿಯುತ್ತದೆ. ಘೋಷಣೆಯಿಲ್ಲದ ಫಂಕ್ಷನ್ ಪೂರ್ಣಾಂಕವನ್ನೇ ಹಿಂದಿರುಗಿಸುತ್ತದೆಂದು ಹಳೆಯ ಕಂಪೈಲರ್ ಊಹಿಸುತ್ತದೆ. 64 ಬಿಟ್ ಗಣಕದಲ್ಲಿ ಅದು ಹಿಂದಿರುಗಿಸಿದ್ದು ಮೆಮೊರಿಯ ವಿಳಾಸವಾಗಿದ್ದರೆ, ಅರ್ಧ ಭಾಗ ಕತ್ತರಿಸಿಹೋಗಿ 32 ಬಿಟ್ ಮಾತ್ರ ಉಳಿಯುತ್ತದೆ. ಕಂಪೈಲ್ ಮಾಡುವಾಗ ಕಾಣದ ತಪ್ಪು ಬಳಸುವಾಗ ಎದುರಾಗಿ ತಂತ್ರಾಂಶ ಕುಸಿಯಬಹುದು. ಇಲ್ಲಿ ಸರಿಪಡಿಸಬೇಕಾದದ್ದು ಮೂಲಸಂಕೇತವನ್ನು. ಹಳೆಯ ಕಂಪೈಲರ್ ತಾತ್ಕಾಲಿಕ ಊರುಗೋಲಷ್ಟೆ.

ಸಿ ಭಾಷೆಯ ಪ್ಯಾಕೇಜುಗಳಲ್ಲಿ ಎರಡು ಕಂಪೈಲರ್‌ಗಳ ಸಹಬಾಳ್ವೆ ಸಾಮಾನ್ಯವಾಗಿ ಸುಗಮ. ಸಿ++ನಲ್ಲಿ ಎಚ್ಚರ ಬೇಕು. ಲಿನಕ್ಸ್‌ನಲ್ಲಿ ಕ್ಲಾಂಗ್ ಕೂಡ ಜಿಸಿಸಿಯ ಸಿ++ ಗ್ರಂಥಾಲಯವನ್ನೇ ಬಳಸುವಂತಿದ್ದರೆ ತೊಂದರೆ ವಿರಳ. ಒಂದು ಪ್ಯಾಕೇಜಿಗಷ್ಟೇ ಎಲ್‌ಎಲ್‌ವಿಎಂನ ಪ್ರತ್ಯೇಕ ಗ್ರಂಥಾಲಯವನ್ನು ಜೋಡಿಸಿದರೆ ಅದನ್ನು ಅವಲಂಬಿಸಿದ ಇತರ ತಂತ್ರಾಂಶಗಳೊಡನೆ ತಾಳೆ ತಪ್ಪುತ್ತದೆ. ಕರ್ನಲ್‌ಗೆ ಹೊರಗಿನಿಂದ ಸೇರಿಸುವ ಮಾಡ್ಯೂಲ್‌ಗಳನ್ನಂತೂ, ಗ್ರಾಫಿಕ್ಸ್ ಚಾಲಕವೇ ಇರಲಿ ಮತ್ತೊಂದಿರಲಿ, ಕರ್ನಲ್ ಸಿದ್ಧಪಡಿಸಿದ ಕಂಪೈಲರ್‌ನಿಂದಲೇ ಸಿದ್ಧಪಡಿಸುವುದು ಕ್ಷೇಮ.